ಸೋಡಾ ಕೇಕಿಗಿರಲಿ, ಕ್ಯಾನಿಗೆ ಬೇಡ

ಉತ್ಪಾದಕ ಸೋದರಿಯರೇ, ಮನೆಯಲ್ಲೇ ಕೇಕ್ ಮಾಡುತ್ತೀರಾ? ಬೇಕಿಂಗ್ ಪೌಡರ್ ಎಂದರೆ ಅಡುಗೆ ಸೋಡಾ, ಒಣ ಆಮ್ಲ, ಪಿಷ್ಟದ ಮಿಶ್ರಣ. ನೀರು, ಬಿಸಿ ತಾಗಿದರೆ ಅನಿಲ ಹುಟ್ಟಿ ಹಿಟ್ಟು ಉಬ್ಬುತ್ತದೆ. ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ. ಹಳೆಯದಾದರೆ ಸ್ವಲ್ಪ ಬಿಸಿನೀರಿಗೆ ಹಾಕಿ ನೋಡಿ; ನೊರೆ ಬರದಿದ್ದರೆ ಪ್ರಯೋಜನವಿಲ್ಲ.

ಪೌಡರ್ ಇಲ್ಲವೇ? 1 ಟೀ ಚಮಚಕ್ಕೆ ಬದಲಾಗಿ ಕಾಲು ಟೀ ಚಮಚ ಅಡುಗೆ ಸೋಡಾ, ಅರ್ಧ ಕಪ್ ಹುಳಿ ಮಜ್ಜಿಗೆ ಹಾಕಿ. ಅಷ್ಟೇ ಹಾಲು ಅಥವಾ ನೀರು ಕಡಿಮೆ ಮಾಡಿ. ಕಲಸಿದ ಕೂಡಲೇ ಬೇಯಲು ಇಡಿ.

ಇದೇ ಸೋಡಾ ಹಾಲಿಗೆ ಬಿದ್ದರೆ ಕಲಬೆರಕೆ. ಅದು ಹುಳಿಯನ್ನು ಮುಚ್ಚಿಡುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ. ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಅಂಥ ಹಾಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಬ್ಬರ ಹಾಲಿನಿಂದ ಸಂಘದ ಇಡೀ ಕ್ಯಾನ್ ವಾಪಸಾಗಬಹುದು. ಪಾತ್ರೆ ಶುಚಿಯಾಗಿಡಿ, ಕರೆದ ಹಾಲನ್ನು ಬೇಗ ಡೇರಿಗೆ ತನ್ನಿ.