ಜೊಲ್ಲೇ ಈ ಬಿಯರ್‌ನ ಜೀವಾಳ!

ಪೆರುವಿನ ಆಂಡಿಸ್ ಬೆಟ್ಟಗಳಲ್ಲಿ ಹಿಂದೆ ಬಿಯರ್ ತಯಾರಿ ಶುರುವಾಗುತ್ತಿದ್ದುದೇ ಬಾಯಿಂದ! ಹೆಂಗಸರು ಮೆಕ್ಕೆಜೋಳದ ಹಿಟ್ಟನ್ನು ಬಾಯಲ್ಲಿಟ್ಟುಕೊಂಡು, ಜೊಲ್ಲಿನಲ್ಲಿ ಚೆನ್ನಾಗಿ ನೆನೆಸಿ, ಸಣ್ಣ ಉಂಡೆ ಮಾಡಿ ಹೊರತೆಗೆಯುತ್ತಿದ್ದರು. ಉಂಡೆಗಳನ್ನು ಒಣಗಿಸಿ, ನೀರಲ್ಲಿ ಕುದಿಸಿ, ಸೋಸಿ, ಮಣ್ಣಿನ ಗಡಿಗೆಯಲ್ಲಿ ಕೆಲವು ದಿನ ಹುದುಗಲು ಬಿಟ್ಟರೆ ‘ಚೀಚಾ’ ಸಿದ್ಧ. ರುಚಿ ಹುಳಿ, ಕಿಕ್ಕು ಕಡಿಮೆ.

ಜೊಲ್ಲೇ ಏಕೆ? ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಆ ಸಕ್ಕರೆ ತಿಂದೇ ಯೀಸ್ಟ್ ಮದ್ಯ ಉಂಟುಮಾಡುವುದು. ಬರೀ ಅನ್ನದ ತುತ್ತನ್ನು ನುಂಗದೆ ಅಗಿಯುತ್ತಾ ಹೋಗಿ, ಸ್ವಲ್ಪ ಹೊತ್ತಿಗೆ ಬಾಯಿ ಸಿಹಿಯಾಗುತ್ತದೆ. ಅದೂ ಇದೇ ಕಿಣ್ವದ ಕೆಲಸ. ಅಸಹ್ಯಪಡಬೇಕಿಲ್ಲ. ಕುದಿಯುವಾಗ ಜೊಲ್ಲಿನ ರೋಗಾಣುಗಳು ಸಾಯುತ್ತವೆ. ಯಂತ್ರವಿಲ್ಲದ ಕಾಲದಲ್ಲಿ ಇಂಥ ಉಪಾಯ ಕಂಡುಕೊಂಡ ಆ ಹೆಂಗಸರ ಜಾಣ್ಮೆ ದೊಡ್ಡದು.

ದಕ್ಷಿಣ ಪೆರುವಿನ ಸೆರೊ ಬೌಲ್ ಎಂಬ ಗುಡ್ಡದ ಮೇಲೆ ಸಾವಿರ ವರ್ಷ ಹಳೆಯ ಚೀಚಾ ಭಟ್ಟಿಯೇ ಸಿಕ್ಕಿದೆ. ಅದು ಇಂಕಾಗಳಿಗೂ ಹಿಂದಿನ ವಾರಿ ಜನರದು. ಅಲ್ಲಿ ‘ಮೊಯೆ’ ಮರದ ಮೆಣಸಿನಂಥ ಕಾಯಿಯನ್ನೂ ಬಳಸುತ್ತಿದ್ದರು. ನೆಲದಲ್ಲಿ ಹೆಂಗಸರು ಶಾಲಿಗೆ ಚುಚ್ಚಿಕೊಳ್ಳುತ್ತಿದ್ದ ಲೋಹದ ಪಿನ್ನುಗಳು ಬಿದ್ದಿದ್ದವು. ಭಟ್ಟಿ ನಡೆಸುತ್ತಿದ್ದವರು ಹೆಂಗಸರೇ ಎಂದು ಸಂಶೋಧಕರು ಊಹಿಸಿದ್ದು ಹೀಗೆ.

ಈಗ ಪೆರುವಿನಲ್ಲಿ ಚೀಚಾಕ್ಕೆ ಜೊಲ್ಲಿನ ಬದಲು ಹೆಚ್ಚಾಗಿ ಮೊಳಕೆ ಬರಿಸಿದ ಮೆಕ್ಕೆಜೋಳ ಬಳಸುತ್ತಾರೆ. ಆದರೆ 2009ರಲ್ಲಿ ಅಮೆರಿಕದ ಡಾಗ್‌ಫಿಶ್ ಹೆಡ್ ಬಿಯರ್ ಕಂಪನಿಯ ಮಾಲೀಕ ಮತ್ತು ಸಿಬ್ಬಂದಿ ಹಳೆಯ ಪದ್ಧತಿಯನ್ನೇ ಹಿಡಿದರು. ಪೆರುವಿನ ನೇರಳೆ ಮೆಕ್ಕೆಜೋಳವನ್ನು ತಾವೇ ಕೂತು ಅಗಿದು ಚೀಚಾ ತಯಾರಿಸಿದರು!