ಲ್ಯಾಪ್‌ಟಾಪಿನ ವರ್ಚುವಲ್ ಯಂತ್ರ ಸರ್ವರ್‌ಗೆ ಹೊರಟಾಗ

‘ಸುಮ್ಮನೆ ಟೆಸ್ಟಿಂಗ್‌ಗೆ’ ಎಂದು ಯಾರೋ ತಮ್ಮ ಲ್ಯಾಪ್‌ಟಾಪಿನಲ್ಲಿ ಹುಟ್ಟುಹಾಕಿದ ವರ್ಚುವಲ್ ಯಂತ್ರ, ನೋಡನೋಡುತ್ತಿದ್ದಂತೆ ಕಚೇರಿಗೆಲ್ಲ ಆಧಾರವಾಗಿಬಿಡುತ್ತದೆ. ಹಾಜರಾತಿ ಅದರಲ್ಲಿ, ದಾಸ್ತಾನು ಲೆಕ್ಕವೂ ಅದರಲ್ಲೇ. ಲ್ಯಾಪ್‌ಟಾಪಿನ ಒಡೆಯರು ರಜೆ ಹಾಕಿದ ದಿನ ಎಲ್ಲರಿಗೂ ರಜೆ. ಆಗ ಮೇಲಿನಿಂದ ಅಪ್ಪಣೆ ಬರುತ್ತದೆ: ‘ಇದನ್ನು ಸರ್ವರ್‌ಗೆ ಹಾಕಿಬಿಡಿ.’

ವರ್ಚುವಲ್ ಯಂತ್ರವೆಂದರೆ ಕೆಲವು ಫೈಲ್‌ಗಳಲ್ಲಿ ಅಡಗಿದ ಕಂಪ್ಯೂಟರ್. 1999ರಲ್ಲಿ ಬಂದ ವಿಎಂವೇರ್ ವರ್ಕ್‌ಸ್ಟೇಷನ್ ಅದನ್ನು ಸಾಮಾನ್ಯ ಪಿಸಿಗೆ ತಂದಿತು. ಆದರೆ ಅದು ವಿಂಡೋಸ್ ಅಥವಾ ಲಿನಕ್ಸ್ ಮೇಲೆ ಕೂತು ಓಡುವ ತಂತ್ರಾಂಶ. ಎರಡು ವರ್ಷಗಳ ನಂತರ ಅದೇ ಕಂಪನಿ ತಂದ ಇಎಸ್‌ಎಕ್ಸ್ ನೇರವಾಗಿ ಸರ್ವರಿನ ಹಾರ್ಡ್‌ವೇರ್ ಮೇಲೆಯೇ ಕೂರುವ ಹೈಪರ್‌ವೈಸರ್, ಅಂದರೆ ವರ್ಚುವಲ್ ಯಂತ್ರಗಳನ್ನು ಓಡಿಸುವ ತಂತ್ರಾಂಶ. 2007ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಅಂಥದೇ ಕೆಲಸ ಮಾಡುವ ಕೆವಿಎಂ ಸೇರಿತು; ಅದನ್ನು ಬಳಸಿ ವಿಯೆನ್ನಾದ ಕಂಪನಿಯೊಂದು ಸರ್ವರ್‌ಗಳಿಗೆಂದು ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ರೂಪಿಸಿತು. 2023ರ ಕೊನೆಗೆ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡು, ಶಾಶ್ವತ ಲೈಸೆನ್ಸ್ ನಿಲ್ಲಿಸಿ ಚಂದಾ ಪದ್ಧತಿ ತಂದಮೇಲೆ ಸಣ್ಣ ಕಚೇರಿಗಳ ಕಣ್ಣು ಪ್ರಾಕ್ಸ್‌ಮಾಕ್ಸ್ ಕಡೆ ಹೊರಳಿದೆ.

ವರ್ಕ್‌ಸ್ಟೇಷನ್‌ನಿಂದ ಪ್ರಾಕ್ಸ್‌ಮಾಕ್ಸ್‌ಗೆ ಆಗುವ ಈ ಸ್ಥಳಾಂತರದಲ್ಲಿ ಡಿಸ್ಕ್ ಸಾಗಿಸುವುದು ಸುಲಭದ ಪಾಲು. ಹೊಸ ಹಾರ್ಡ್‌ವೇರ್‌ಗೆ ಒಳಗಿನ ಆಪರೇಟಿಂಗ್ ಸಿಸ್ಟಮ್ ಒಗ್ಗಬೇಕಲ್ಲ, ಪೇಚು ಇರುವುದು ಅಲ್ಲಿ. ಸಾಗಣೆಯ ಸಿದ್ಧತೆ ಮಾತ್ರ ಹಳೆಯ ಜಾಗದಲ್ಲಿರುವಾಗಲೇ ಆಗಬೇಕು.

ಹೊರಡುವ ಮುನ್ನ

ವರ್ಕ್‌ಸ್ಟೇಷನ್‌ನ ಫೋಲ್ಡರ್ ತೆರೆದರೆ ಡಿಸ್ಕ್ ಹಲವು ತುಂಡುಗಳಾಗಿ ಕಾಣುವುದುಂಟು. ಜೊತೆಗೆ ಅವುಗಳಂತೆಯೇ ‘ವಿಎಂಡಿಕೆ’ ಎಂದು ಕೊನೆಯಾಗುವ ಹೆಸರಿನ ಪುಟ್ಟ ಫೈಲೊಂದು. ಅದು ಡಿಸ್ಕ್ ಅಲ್ಲ, ಯಾವ ತುಂಡಿನ ನಂತರ ಯಾವುದು ಎಂದು ಹೇಳುವ ಪಟ್ಟಿ. ಪಟ್ಟಿಯನ್ನಷ್ಟೇ ಕಾಪಿ ಮಾಡಿದರೆ ಸರ್ವರಿನಲ್ಲಿ ಏನೂ ಏಳುವುದಿಲ್ಲ. ಫೋಲ್ಡರ್ ಇಡಿಯಾಗಿ ಬರಬೇಕು. ಸ್ನ್ಯಾಪ್‌ಶಾಟ್‌ಗಳಿದ್ದರೆ ಮೊದಲೇ ಅಳಿಸಿ, ಬದಲಾವಣೆಗಳೆಲ್ಲ ಮೂಲ ಡಿಸ್ಕಿಗೆ ಬೆರೆಯುವವರೆಗೆ ಕಾಯಬೇಕು. ಯಂತ್ರವನ್ನು ಸಸ್ಪೆಂಡ್ ಮಾಡದೆ ಪೂರ್ತಿ ಶಟ್‌ಡೌನ್ ಮಾಡಬೇಕು. ಆಮೇಲೆ ಕ್ಯೂಇಎಂಯು ಎಂಬ ತಂತ್ರಾಂಶದ ಜೊತೆಗೆ ಬರುವ ಪರಿವರ್ತನೆಯ ಕಮಾಂಡ್‌ಗೆ ಆ ಪಟ್ಟಿ ಫೈಲ್ ತೋರಿಸಿದರೆ ತುಂಡುಗಳನ್ನೆಲ್ಲ ಸೇರಿಸಿ ಒಂದೇ ಡಿಸ್ಕ್ ಮಾಡಿಕೊಡುತ್ತದೆ.

ನೀಲಿ ಪರದೆ, ಇಲ್ಲದ ನೆಟ್‌ವರ್ಕ್

ವಿಂಡೋಸ್ ಇದ್ದರೆ ಮೊದಲ ಬೂಟ್‌ನಲ್ಲೇ ನೀಲಿ ಪರದೆ ಎದುರಾಗಬಹುದು: ‘ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್’. ಗಾಬರಿ ಬೇಡ, ಡೇಟಾ ಎಲ್ಲೂ ಹೋಗಿಲ್ಲ. ಕೆವಿಎಂನ ವೇಗದ ಡಿಸ್ಕ್ ಕಂಟ್ರೋಲರ್ ಆದ ‘ವರ್ಟ್‌ಐಒ’ಗೆ ಬೇಕಾದ ಡ್ರೈವರ್ ವಿಂಡೋಸ್ ಬಳಿ ಇರುವುದಿಲ್ಲ. ಡಿಸ್ಕನ್ನು ಮೊದಲು ಸಾಟಾ ಎಂದು ಜೋಡಿಸಿ ಬೂಟ್ ಮಾಡಿ, ಡ್ರೈವರ್ ಹಾಕಿ, ಆಮೇಲೆ ವರ್ಟ್‌ಐಒಗೆ ಬದಲಿಸುವುದು ರೂಢಿ. ಬೂಟ್ ಡಿಸ್ಕೇ ಸಿಗುತ್ತಿಲ್ಲವೆಂದರೆ ಹಳೆಯ ಯಂತ್ರದ ಬೂಟ್ ವಿಧಾನ ಬಯಾಸೋ ಯುಇಎಫ್‌ಐಯೋ ನೋಡಿ. ಹೊಸದರಲ್ಲೂ ಅದನ್ನೇ ಆರಿಸಬೇಕು.

ಲಿನಕ್ಸ್ ಸಾಮಾನ್ಯವಾಗಿ ತಕರಾರಿಲ್ಲದೆ ಏಳುತ್ತದೆ, ಆದರೆ ನೆಟ್‌ವರ್ಕ್ ಸಿಗದಿರಬಹುದು. ವರ್ಕ್‌ಸ್ಟೇಷನ್‌ನಲ್ಲಿ ‘ಇಎನ್‌ಎಸ್33’ ಆಗಿದ್ದ ಕಾರ್ಡ್ ಪ್ರಾಕ್ಸ್‌ಮಾಕ್ಸ್‌ನಲ್ಲಿ ‘ಇಎನ್‌ಎಸ್18’ ಆಗುವುದುಂಟು. ಐಪಿ ವಿಳಾಸ ಬರೆದಿಟ್ಟ ಫೈಲಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿರುತ್ತದೆ. ಅಲ್ಲಿ ಹೆಸರು ತಿದ್ದಿದರೆ ಕೆಲಸ ಮುಗಿಯಿತು. ಇನ್ನು, ಕೆಲವು ತಂತ್ರಾಂಶಗಳ ಲೈಸೆನ್ಸ್ ಯಂತ್ರದ ಗುರುತಿಗೆ ಅಂಟಿಕೊಂಡಿರುತ್ತದೆ. ವಿಂಡೋಸ್ ಕೂಡ ಹಾರ್ಡ್‌ವೇರ್ ಬದಲಾಯಿತೆಂದು ಮತ್ತೆ ಆ್ಯಕ್ಟಿವೇಷನ್ ಕೇಳಬಹುದು. ಲೈಸೆನ್ಸ್ ಕೀಗಳನ್ನು ಕೈಯಲ್ಲಿಟ್ಟುಕೊಂಡೇ ಹೊರಡುವುದು ಜಾಣತನ.

ಹೊಸದು ಓಡಿತೆಂದು ಹಳೆಯದನ್ನು ಅಂದೇ ಅಳಿಸಬೇಡಿ. ತಿಂಗಳ ಲೆಕ್ಕ ಮುಗಿಯುವವರೆಗೆ ಆಫ್ ಮಾಡಿಡಿ. ಎರಡೂ ಒಟ್ಟಿಗೆ ಆನ್ ಆದರೆ ಒಂದೇ ಐಪಿಗೆ ಇಬ್ಬರು ಹಕ್ಕುದಾರರು. ದಾಖಲೆಗಳು ಅರ್ಧ ಅಲ್ಲಿ, ಅರ್ಧ ಇಲ್ಲಿ ಬೀಳುತ್ತವೆ.

ಕೊನೆಗೊಂದು ಪರೀಕ್ಷೆ. ಯಾರೂ ಕೆಲಸ ಮಾಡದ ಹೊತ್ತು ನೋಡಿ ಸರ್ವರನ್ನು ರೀಸ್ಟಾರ್ಟ್ ಮಾಡಿ, ಏನನ್ನೂ ಮುಟ್ಟದೆ ಕಾಯಿರಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ ‘ಸ್ಟಾರ್ಟ್ ಅಟ್ ಬೂಟ್’ ನಾವಾಗಿಯೇ ಆನ್ ಮಾಡಬೇಕಾದ ಆಯ್ಕೆ. ಅದನ್ನು ಮರೆತಿದ್ದರೆ ಕರೆಂಟ್ ಹೋಗಿಬಂದ ಮೇಲೆ ಸರ್ವರ್ ಏಳುತ್ತದೆ, ನಿಮ್ಮ ಯಂತ್ರ ಏಳುವುದಿಲ್ಲ.