ಬಣ್ಣದ ಬೆಟ್ಟದ ಒಂಬತ್ತು ಮೈಲಿ

ಊರಿನಿಂದ ಹಿರಿಯರು ಬಂದರೆ ಲಾಸ್ ವೇಗಾಸ್‌ನ ದೀಪಗಳನ್ನು ತೋರಿಸಿ ಕರೆತರುವುದು ನಮ್ಮವರಲ್ಲಿ ವಾಡಿಕೆ. ಅಲ್ಲಿಂದ ಎರಡು ಗಂಟೆ ಕಾರು ಓಡಿಸಿದರೆ ಡೆತ್ ವ್ಯಾಲಿ. ಕಳೆದ ಏಪ್ರಿಲ್ ಕೊನೆಯಲ್ಲಿ ನಾವು ತಂದೆಯವರನ್ನು ಅಲ್ಲಿಗೆ ಕರೆದೊಯ್ದೆವು. "ಸಾವಿನ ಕಣಿವೆ ನೋಡೋಕೆ ಹೊಸಪೇಟೆಯಿಂದ ಬರಬೇಕಿತ್ತೇನೋ?" ಎಂದು ಅವರು ನಕ್ಕರು.

ಫರ್ನೇಸ್ ಕ್ರೀಕ್‌ನಿಂದ ಬ್ಯಾಡ್‌ವಾಟರ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೋಗಬೇಕು. ಎಡಗಡೆ ಮೊದಲು ಸಿಗುವುದು ಆರ್ಟಿಸ್ಟ್ಸ್ ಡ್ರೈವ್‌ನಿಂದ ಹೊರಬರುವ ದಾರಿ. ಅದನ್ನು ಬಿಟ್ಟು ಮುಂದೆ ಹೋದರೆ ಒಳದಾರಿ. ಒಂಬತ್ತು ಮೈಲಿಯ ಏಕಮುಖ ಡಾಂಬರು ರಸ್ತೆ. ಇಪ್ಪತ್ತೈದು ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹೋಗಿ. ಆಗಲೇ ಬಣ್ಣಗಳು ಚೆನ್ನಾಗಿ ಕಾಣುತ್ತವೆ.

ದಾರಿಯ ನಡುವಿನ ಮುಖ್ಯ ತಂಗುದಾಣ ಆರ್ಟಿಸ್ಟ್ಸ್ ಪ್ಯಾಲೆಟ್. ಕೆಂಪು, ಗುಲಾಬಿ, ಹಳದಿ, ಹಸುರು, ನೇರಿಳೆ ಎಲ್ಲವೂ ಒಂದೇ ಗುಡ್ಡದ ಮೈಮೇಲೆ! ಐವತ್ತು ಲಕ್ಷ ವರ್ಷಗಳಿಗೂ ಹಿಂದೆ ಇಲ್ಲಿ ಜ್ವಾಲಾಮುಖಿಯ ಬೂದಿ ಬಿದ್ದು ಪದರವಾಯಿತು. ಆಮೇಲೆ ಬಿಸಿನೀರು ಮತ್ತು ಗಾಳಿಯ ಆಮ್ಲಜನಕ ಸೇರಿ ಅದರೊಳಗಿನ ಲೋಹಗಳನ್ನು ಮಾರ್ಪಡಿಸಿದವು. ಕೆಂಪು, ಹಳದಿಗಳು ಕಬ್ಬಿಣದ ಕೆಲಸ; ನೇರಿಳೆ ಮ್ಯಾಂಗನೀಸಿನದು. ಹಸುರು ಮಾತ್ರ ತಾಮ್ರದ್ದೇ ಎಂದು ನಾವು ಬಾಜಿ ಕಟ್ಟಿ ಸೋತೆವು. ಅದು ಬೂದಿಯಲ್ಲಿದ್ದ ಅಭ್ರಕ ರೂಪಾಂತರಗೊಂಡು ಬಂದ ಬಣ್ಣವಂತೆ. ರಸಾಯನಶಾಸ್ತ್ರದ ಡಾಕ್ಟರೇಟ್ ಅಂದು ಉಪಯೋಗಕ್ಕೆ ಬರಲಿಲ್ಲ. ತಂದೆಯವರು ಮಾತ್ರ ಒಂದೇ ನೋಟಕ್ಕೆ, "ಕೆಂಪು ನಮ್ಮ ಸಂಡೂರಿನ ಅದಿರಿನ ಬಣ್ಣ ಕಣೋ. ಮ್ಯಾಂಗನೀಸೂ ಅಲ್ಲಿ ಉಂಟು" ಎಂದರು.

ಆ ಉತ್ಸಾಹದಲ್ಲಿ ಅವರು ಗುಡ್ಡದ ಬುಡದ ಕೊರಕಲಿಗೆ ಇಳಿದರು. "ಹತ್ತು ನಿಮಿಷ" ಎಂದು ನಾವೂ ಹಿಂದೆ ಹೋದೆವು. ನೀರಿನ ಬಾಟಲಿ ಕಾರಿನಲ್ಲೇ ಉಳಿಯಿತು. ಹತ್ತು ನಿಮಿಷ ನಲವತ್ತಾಯಿತು. ತಂದೆಯವರ ಮೈ ಬೆವರಿದಂತೆ ಕಾಣಲಿಲ್ಲ. ಆದ್ದರಿಂದ ಆಯಾಸವಿಲ್ಲವೆಂದೇ ತಿಳಿದಿದ್ದೆವು. ಹಿಂತಿರುಗುವಾಗ ಅವರು ಮಾತು ತಡವರಿಸಿ ಬಂಡೆಯ ಮೇಲೆ ಕುಳಿತುಬಿಟ್ಟರು. ಆಗ ನಮಗೆ ಹೊಳೆಯಿತು: ಇಷ್ಟು ಒಣ ಹವೆಯಲ್ಲಿ ಬೆವರು ಮೂಡುತ್ತಲೇ ಆರಿಹೋಗುತ್ತದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ನಮ್ಮಾಕೆ ಅವರಿಗೆ ಸೆರಗಿನ ನೆರಳು ಹಿಡಿದು ನಿಂತರು. ನಾವು ಕಾರಿನತ್ತ ಓಡಿದೆವು. ನೀರು, ಒಂದಿಷ್ಟು ಉಪ್ಪುಬಿಸ್ಕತ್ತು, ಅರ್ಧ ಗಂಟೆಯ ವಿಶ್ರಾಂತಿ ಆದಮೇಲೆ ಅವರು ಚೇತರಿಸಿಕೊಂಡರು. ಆ ಅರ್ಧ ಗಂಟೆಯನ್ನು ನಾವು ಮರೆಯುವಂತಿಲ್ಲ. 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಫರ್ನೇಸ್ ಕ್ರೀಕ್ ಅಲ್ಲಿಂದ ಹೆಚ್ಚು ದೂರವಿಲ್ಲ ಎಂಬುದನ್ನು ತಿಳಿದೂ ಮರೆತಿದ್ದೆವು.

ಉಳಿದ ದಾರಿಯಲ್ಲಿ ರಸ್ತೆ ತೊಟ್ಟಿಲಿನಂತೆ ಏರಿಳಿಯುತ್ತದೆ. ಪ್ರತಿ ಇಳಿಜಾರೂ ಒಂದು ಒಣಹಳ್ಳ. ಬೆಟ್ಟದ ಬಾಯಿಂದ ಕಲ್ಲುಮಣ್ಣು ಬೀಸಣಿಗೆ ಬಿಚ್ಚಿದಂತೆ ಹರಡಿದೆ. "ಇಷ್ಟು ಕಲ್ಲು ಯಾರು ತಂದು ಸುರಿದರು?" ಎಂದರು ತಂದೆಯವರು. ನೀರೇ! ವರ್ಷಕ್ಕೆ ಸುಮಾರು ಎರಡು ಅಂಗುಲ ಮಳೆ ಬೀಳುವ ಕಣಿವೆ ಇದು. ಆದರೆ ಬೀಳುವಾಗ ತಡೆಯಲು ಗಿಡಮರಗಳಿಲ್ಲ, ಹೀರಲು ಮೆತ್ತನೆಯ ಮಣ್ಣಿಲ್ಲ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಶೇಷದಿಂದ ಒಂದೇ ದಿನ 2.2 ಅಂಗುಲ ಸುರಿಯಿತು. ರಸ್ತೆಗಳು ಕೊಚ್ಚಿಹೋಗಿ ಉದ್ಯಾನವನ್ನು ಸುಮಾರು ಎರಡು ತಿಂಗಳು ಮುಚ್ಚಬೇಕಾಯಿತು. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿರುವ ಬ್ಯಾಡ್‌ವಾಟರ್‌ನ ಉಪ್ಪಿನ ಬಯಲಿನಲ್ಲಿ ಕೆರೆಯೇ ನಿಂತಿತು. ಮರುಭೂಮಿಗೆ ಬಣ್ಣ ಕೊಟ್ಟದ್ದೂ ನೀರು, ಅದನ್ನು ಕೊರೆದದ್ದೂ ನೀರು. ನಮ್ಮ ಬಾಟಲಿಯಲ್ಲಿ ಇಲ್ಲದಿದ್ದದ್ದೂ ಅದೇ.

ಹೋಗುವ ಬಂಧುಗಳಿಗೆ ನಮ್ಮ ಸಲಹೆ ಇಷ್ಟೇ. ನವೆಂಬರಿನಿಂದ ಮಾರ್ಚಿನೊಳಗೆ ಹೋಗಿ. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಇರಲಿ. ಕಾರಿನಿಂದ ಇಳಿದರೆ ಬಾಟಲಿಯೂ ಕೈಯಲ್ಲಿ ಇಳಿಯಲಿ. ಮೋಡ ಕವಿದರೆ ಕೊರಕಲಿಗೆ ಕಾಲಿಡಬೇಡಿ. ಕಲ್ಲು ಆರಿಸಿ ತರುವುದು ಕಾನೂನಿಗೆ ವಿರುದ್ಧ. ತಂದೆಯವರು ಜೇಬಿಗೆ ಹಾಕಿದ್ದ ಹಸುರು ಕಲ್ಲನ್ನು ನಾವು ಹೇಳಿದ ಮೇಲೆ ಎತ್ತಿದಲ್ಲೇ ಇಟ್ಟರು. ಊರಿಗೆ ಹೋದಮೇಲೆ ಅವರು ಬರೆದ ಮೊದಲ ಕಾಗದದಲ್ಲಿ ಲಾಸ್ ವೇಗಾಸ್‌ನ ಮಾತೇ ಇರಲಿಲ್ಲ. ಆ ಗುಡ್ಡದ ವಿಷಯ ಮಾತ್ರ ಒಂದು ಪುಟ ತುಂಬ ಇತ್ತು.